ಶೆಲ್ ಜಾಕೆಟ್

ಸ್ಕೀ ಆಡುವವರೂ ಪರ್ವತಾರೋಹಿಗಳೂ ಉಳಿದೆಲ್ಲ ಬಟ್ಟೆಗಳ ಮೇಲೆ ತೊಡುವ ತೆಳುವಾದ ಹೊರಅಂಗಿ. ಬೆಚ್ಚಗಿಡುವುದು ಒಳಗಿನ ಉಣ್ಣೆಯ ಕೆಲಸ. ಮಳೆ, ಹಿಮ, ಗಾಳಿಗಳನ್ನು ತಡೆದು ಬೆವರಿನ ಆವಿಯನ್ನು ಹೊರಗೆ ಬಿಡುವುದು ಶೆಲ್‌ನ ಕೆಲಸ. ಕಷ್ಟವಿರುವುದು ಬೆವರಿನಲ್ಲೇ. ಏರುವಾಗ ಒಳಗುಳಿದ ತೇವ ನಿಂತ ಗಳಿಗೆಯಲ್ಲೇ ತಣ್ಣಗಾಗಿ ಮೈಯ ಕಾವನ್ನು ಹೀರುತ್ತದೆ. ಎತ್ತರದ ಬೆಟ್ಟದಲ್ಲಿ ಅದು ಪ್ರಾಣಕ್ಕೇ ಮುಳುವಾಗಬಹುದು.

ಈ ಗಂಟನ್ನು ಬಹಳ ಹಿಂದೆಯೇ ಬಿಡಿಸಿದವರು ಉತ್ತರದ ಕಡಲಂಚಿನ ಜನ. ಅಲ್ಯೂಷಿಯನ್ ದ್ವೀಪಗಳ ಉನಂಗನ್ ಹೆಂಗಸರು ಕಡಲಸಿಂಹದ ಕರುಳನ್ನು ಕೆರೆದು, ಗಾಳಿ ಊದಿ ಒಣಗಿಸಿ, ಸೀಳಿ, ಆ ಪಟ್ಟಿಗಳನ್ನು ಪ್ರಾಣಿಗಳ ಸ್ನಾಯುವಿನ ನಾರಿನಿಂದ ಹೊಲಿಯುತ್ತಿದ್ದರು. ನೆನೆದ ನಾರು ಉಬ್ಬಿ ಸೂಜಿಯ ತೂತನ್ನು ತಾನೇ ಮುಚ್ಚುತ್ತಿತ್ತು. ಬೆಳಕಿಗೆ ಹಿಡಿದರೆ ಆಚೆಯದು ಮಸುಕಾಗಿ ಕಾಣುವಷ್ಟು ತೆಳುವಾದ ಈ ಅಂಗಿಗೆ ಸಾಟಿಯಾದದ್ದನ್ನು ನೇಯಲು ಕಾರ್ಖಾನೆಗಳಿಗೆ ಬಹುಕಾಲ ಬೇಕಾಯಿತು.

1823ರಲ್ಲಿ ಗ್ಲಾಸ್ಗೋದ ಚಾರ್ಲ್ಸ್ ಮ್ಯಾಕಿಂತೋಷ್ ಎರಡು ಬಟ್ಟೆಗಳ ನಡುವೆ ರಬ್ಬರ್ ಬಳಿದು ಪೇಟೆಂಟ್ ಪಡೆದ. ನೀರು ನಿಂತಿತು, ಬೆವರೂ ಒಳಗೇ ನಿಂತಿತು. 1879ರಲ್ಲಿ ಥಾಮಸ್ ಬರ್ಬೆರಿ ರೂಪಿಸಿದ ಗ್ಯಾಬರ್ಡೀನ್‌ನಲ್ಲಿ ನೂಲನ್ನು ನೇಯುವ ಮೊದಲೇ ನೀರು ಹಿಡಿಯದಂತೆ ಸಂಸ್ಕರಿಸಲಾಗುತ್ತಿತ್ತು. ಜಾರ್ಜ್ ಮ್ಯಾಲರಿ 1924ರಲ್ಲಿ ಎವರೆಸ್ಟ್ ಏರಹೊರಟದ್ದು ಗ್ಯಾಬರ್ಡೀನ್ ತೊಟ್ಟೇ. 1999ರಲ್ಲಿ ಅವನ ದೇಹ ಸಿಕ್ಕಾಗ ಆ ಬಟ್ಟೆಯ ಚೂರುಗಳು ಮೈಮೇಲಿದ್ದವು.

ದೊಡ್ಡ ತಿರುವು ಬಂದದ್ದು 1969ರಲ್ಲಿ, ಅಮೆರಿಕದ ಡೆಲವೇರ್‌ನಲ್ಲಿ. ಬಾಬ್ ಗೋರ್ ಕಾಯಿಸಿದ ಟೆಫ್ಲಾನ್ ಕಡ್ಡಿಗಳನ್ನು ಮೆಲ್ಲಗೆ ಎಳೆದಾಗಲೆಲ್ಲ ಅವು ತುಂಡಾಗುತ್ತಿದ್ದವು. ಬೇಸತ್ತು ಒಂದನ್ನು ರಪ್ಪನೆ ಜಗ್ಗಿದ. ಅದು ತುಂಡಾಗದೆ ತೋಳುದ್ದಕ್ಕೂ ಹಿಗ್ಗಿತು. ಹಾಗೆ ಹಿಗ್ಗಿದ ವಸ್ತುವಿನ ತುಂಬ ಕಣ್ಣಿಗೆ ಕಾಣದ ರಂಧ್ರಗಳು: ನೀರಹನಿ ನುಸುಳದಷ್ಟು ಕಿರಿದು, ಆವಿ ಹಾಯುವಷ್ಟು ಹಿರಿದು. ಈ ಪೊರೆಯಾದ ಗೋರ್‌ಟೆಕ್ಸ್ 1976ರಲ್ಲಿ ಮಾರುಕಟ್ಟೆಗೆ ಬಂತು. ಮೊದಮೊದಲು ಮೈಯ ಜಿಡ್ಡು ಮೆತ್ತಿ ಸೋರುತ್ತಿದ್ದುದರಿಂದ ಒಳಬದಿಗೆ ಪಾಲಿಯುರೆಥೇನ್ ಲೇಪ ಕೊಡಬೇಕಾಯಿತು. ಹೊಲಿಗೆಗಳ ಮೇಲೆ ಟೇಪ್ ಅಂಟಿಸುವ ಕ್ರಮವೂ ಬೇರೂರಿತು.

ಬಟ್ಟೆ ಎಷ್ಟು ಎತ್ತರದ ನೀರಿನ ಒತ್ತಡ ತಾಳುತ್ತದೆಂಬುದನ್ನು ಮಿಲಿಮೀಟರಿನಲ್ಲಿ ಹೇಳುತ್ತಾರೆ. ಪರ್ವತಕ್ಕೆ 20,000 ಮಿ.ಮೀ. ಧಾರಾಳ. ಆದರೆ ಆಯ್ಕೆ ಮಾಡುವಾಗ ಅಂಕಿಗಿಂತ ಹೊಲಿಗೆಯ ಜಾಣ್ಮೆಯನ್ನು ನೋಡಬೇಕು. ಕಂಕುಳಲ್ಲಿ ಜಿಪ್ ಇದ್ದರೆ ಯಾವ ಪೊರೆಗಿಂತಲೂ ಬೇಗ ಆವಿ ಹೊರಹೋಗುತ್ತದೆ. ಸ್ಕೀಗೆ ಸೊಂಟದ ಬಳಿ ಹಿಮ ನುಗ್ಗದಂತೆ ಒಳಪಟ್ಟಿ ಬೇಕು. ಆರೋಹಿಗೆ ಅದು ಬರಿ ಹೊರೆ, ಅವನಿಗೆ ಬೇಕಾದದ್ದು ಹಗ್ಗದ ಪಟ್ಟಿಯ ಅಡಿ ಸಿಲುಕದ, ಎದೆಯ ಮಟ್ಟದ ಜೇಬು. ಹೆಲ್ಮೆಟ್ ಮೇಲೆ ಕೂರುವ ಟೋಪಿ ಇಬ್ಬರಿಗೂ ಬೇಕು.

ಹೊರಮೈಯಲ್ಲಿ ನೀರು ಹನಿಹನಿಯಾಗಿ ಉರುಳಲು ಲೇಪಿಸುತ್ತಿದ್ದ ಫ್ಲೋರಿನ್ ರಾಸಾಯನಿಕಗಳು ಮಣ್ಣಿನಲ್ಲೂ ನೀರಿನಲ್ಲೂ ವಿಘಟನೆಯಾಗದೆ ಉಳಿಯುವುದರಿಂದ ಅವನ್ನೀಗ ಕೈಬಿಡಲಾಗುತ್ತಿದೆ. ಹೊಸ ಲೇಪಗಳಿಗೆ ಎಣ್ಣೆಜಿಡ್ಡನ್ನು ತಡೆಯುವ ಶಕ್ತಿ ಕಡಿಮೆ. ಇಂಥ ಜಾಕೆಟನ್ನು ಹಿಂದಿನವುಗಳಿಗಿಂತ ಹೆಚ್ಚು ಸಲ ಒಗೆಯಬೇಕು.