ಒಲೆ ಕಟ್ಟುವ ಕಲಿಕೆ: ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಯುವ ಸ್ವಯಂಸೇವೆಯ ಒಂದು ಅಧ್ಯಯನ

ಸ್ವಯಂಸೇವಕರ ಮುಂದಾಳ್ತನದಲ್ಲಿ ನಡೆಯುವ ಯುವಜನ ತರಬೇತಿಯ ಬಗೆಗಿನ ಚರ್ಚೆಗಳು ಸಾಮಾನ್ಯವಾಗಿ ಶಿಬಿರ, ಪಠ್ಯಕ್ರಮ, ಪ್ರಮಾಣಪತ್ರಗಳ ಸುತ್ತಲೇ ನಡೆಯುತ್ತವೆ. ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳಲ್ಲಿ ಕಳೆದ ನಾಲ್ಕು ದಶಕಗಳಲ್ಲಿ ನಡೆದದ್ದನ್ನು ಈ ಚೌಕಟ್ಟಿನಲ್ಲಿಟ್ಟರೆ ಹೆಚ್ಚೇನೂ ಕಾಣಿಸದು. ಏಕೆಂದರೆ ಇಲ್ಲಿನ ಯುವಕರು ಕಲಿತದ್ದರಲ್ಲಿ ದೊಡ್ಡ ಪಾಲು, ಕಲಿಸಬೇಕೆಂಬ ಉದ್ದೇಶವೇ ಇಲ್ಲದೆ ಶುರುವಾದ ಕೆಲಸಗಳಿಂದ ಬಂದದ್ದು. ಆ ಕಲಿಕೆಯನ್ನು ಈ ಲೇಖನವು ಕೈಕಲಿಕೆ ಎಂದು ಕರೆಯುತ್ತದೆ. ಮಾಡುತ್ತ ಮಾಡುತ್ತ ತಿಳಿಯುವುದು, ತಪ್ಪಾದಾಗ ಮೇಷ್ಟರ ಬದಲು ಕೆಲಸವೇ ತಪ್ಪನ್ನು ತೋರಿಸಿಕೊಡುವುದು ಅದರ ಲಕ್ಷಣ. ಈ ಸೀಮೆಯಲ್ಲಿ ಕೈಕಲಿಕೆ ಉಳಿದದ್ದು ಪರೀಕ್ಷಕರು ಊರಿನವರೇ ಆಗಿದ್ದ ಕಡೆಗಳಲ್ಲಿ. ಅದು ಸೊರಗಿದ್ದು, ಗೊತ್ತಿದ್ದವರನ್ನು ಗುರುಗಳೆಂದು ಎಣಿಸದೆ ಬಿಟ್ಟ ಕಡೆಗಳಲ್ಲಿ ಎಂಬುದು ಇಲ್ಲಿನ ವಾದ.

ಹೋಲಿಕೆಗೆ ಹೊರಗಿನ ಒಂದು ನಿದರ್ಶನ ಉಪಯುಕ್ತ. ಅಮೆರಿಕದ ಓಹಾಯೋ ರಾಜ್ಯದಲ್ಲಿ 1902ರಲ್ಲಿ ಶಾಲಾಧಿಕಾರಿ ಎ. ಬಿ. ಗ್ರಹಾಂ ಆರಂಭಿಸಿದ ಮಕ್ಕಳ ಕೃಷಿ ಸಂಘಗಳು ಮುಂದೆ ಫೋರ್ ಎಚ್ ಕ್ಲಬ್ಬುಗಳ ಪರಂಪರೆಗೆ ಮೊದಲಾದವು. 1914ರ ಸ್ಮಿತ್–ಲೀವರ್ ಕಾಯ್ದೆಯು ಅವುಗಳನ್ನು ಕೃಷಿ ವಿಶ್ವವಿದ್ಯಾಲಯಗಳ ವಿಸ್ತರಣಾ ಕಾರ್ಯಕ್ಕೆ, ಎಂದರೆ ಸಂಶೋಧನೆಯ ಫಲವನ್ನು ರೈತರ ಹೊಲಕ್ಕೆ ಮುಟ್ಟಿಸುವ ವ್ಯವಸ್ಥೆಗೆ, ಬೆಸೆಯಿತು. ಹೊಸ ಬೀಜ, ಹೊಸ ಕ್ರಮಗಳನ್ನು ದೊಡ್ಡವರು ಅನುಮಾನದಿಂದ ನೋಡಿದರೂ ಮಕ್ಕಳು ಉತ್ಸಾಹದಿಂದ ಬೆಳೆದು ತೋರಿಸುತ್ತಾರೆ ಎಂಬುದು ಅಲ್ಲಿನ ತರ್ಕವಾಗಿದ್ದು, ತಿಳಿವಳಿಕೆ ವಿಶ್ವವಿದ್ಯಾಲಯದಿಂದ ಮಕ್ಕಳ ಮೂಲಕ ಮನೆಗೆ ಇಳಿಯುತ್ತಿತ್ತು. 1937ರ ವಾರ್ಧಾ ಸಮ್ಮೇಳನದಲ್ಲಿ ರೂಪುಗೊಂಡ ಗಾಂಧೀಜಿಯವರ ನಯೀ ತಾಲೀಮ್ ಕಸುಬನ್ನೇ ಪಾಠದ ನಡುಗಂಬವನ್ನಾಗಿಸಿತಾದರೂ ಅದು ಬಹುಮಟ್ಟಿಗೆ ಶಾಲೆಯ ಅಂಗಳದಲ್ಲೇ ಉಳಿಯಿತು. ಮಲೆನಾಡಿನ ಈ ಮೂರು ತಾಲ್ಲೂಕುಗಳಲ್ಲಿ ತಿಳಿವಳಿಕೆ ಎರಡೂ ದಿಕ್ಕಿಗೆ ಹರಿದದ್ದು ವಿಶೇಷ.

ಇದಕ್ಕೆ ನೆಲದ ಹಿನ್ನೆಲೆಯಿದೆ. ಅಡಿಕೆ ತೋಟ ಇಲ್ಲಿನ ಬದುಕಿನ ಕೇಂದ್ರವಾದರೆ, ಆ ತೋಟ ನಿಂತಿರುವುದು ಸೊಪ್ಪಿನ ಬೆಟ್ಟದ ಮೇಲೆ. ತೋಟಕ್ಕೆ ಬೇಕಾದ ಸೊಪ್ಪು, ದರಕು (ಉದುರಿದ ಒಣ ಎಲೆ) ಮತ್ತು ಉರುವಲನ್ನು ತರಲು ತೋಟಿಗರಿಗೆ ಬಿಟ್ಟುಕೊಟ್ಟ ಕಾಡುಭೂಮಿಯನ್ನು ಇಲ್ಲಿ ಬೆಟ್ಟ ಎನ್ನುತ್ತಾರೆ. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟದ ಸವಲತ್ತು ಬ್ರಿಟಿಷರ ಕಾಲದಿಂದ ನಡೆದುಬಂದಿದೆ. ಆದ್ದರಿಂದ ಕಾಡಿನ ಪ್ರಶ್ನೆ ಇಲ್ಲಿ ಗೊಬ್ಬರದ ಗುಂಡಿಯಿಂದಲೇ ಶುರುವಾಗುತ್ತದೆ. ಕೂಲಿಯಿಲ್ಲದೆ ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಹೋಗಿ ತೀರಿಸಿಕೊಳ್ಳುವ ಮುಯ್ಯಾಳು ಪದ್ಧತಿಯೂ ಇದೇ ಜೀವನಕ್ರಮದ ಭಾಗ. ಯುವಕ ಮಂಡಳಿ ಎಂಬ ನೋಂದಾಯಿತ ಸಂಘದ ಹೆಸರು ಹೊಸದಾದರೂ ಅದರ ಒಳಗಿನ ಲೇವಾದೇವಿ ಈ ಮುಯ್ಯಾಳಿನದೇ. ರಾಜಕೀಯ ಸ್ವಯಂಸೇವೆಯ ನೆನಪೂ ಈ ಸೀಮೆಗೆ ಹೊಸತಲ್ಲ: ನಾ. ಸು. ಹರ್ಡೀಕರರು 1923ರಲ್ಲಿ ಆರಂಭಿಸಿದ ಹಿಂದೂಸ್ತಾನಿ ಸೇವಾದಳವು ನೆರೆಯ ಹುಬ್ಬಳ್ಳಿಯಿಂದ ಬೆಳೆದದ್ದು. 1930ರ ದಶಕದ ಆರಂಭದ ಕರನಿರಾಕರಣೆಯ ಪ್ರಮುಖ ನೆಲೆಗಳಲ್ಲಿ ಸಿದ್ದಾಪುರವೂ ಒಂದು. ಅಲ್ಲಿನ ಮಾವಿನಗುಂಡಿಯಲ್ಲಿ ಸತ್ಯಾಗ್ರಹ ಹೂಡಿದವರು ಹೆಂಗಸರು.

ಅಂಕಿಗಳನ್ನು ಹಿಡಿದು ವಾದಿಸುವ ರೂಢಿ ಬಂದದ್ದು ಬೇಡ್ತಿಯಿಂದ. ಯಲ್ಲಾಪುರದ ಬಳಿ ಬೇಡ್ತಿ ನದಿಗೆ ಅಡ್ಡಲಾಗಿ ಯೋಜಿಸಿದ್ದ ಜಲವಿದ್ಯುತ್ ಅಣೆಕಟ್ಟಿನ ಕುರಿತು 1981ರಲ್ಲಿ ಶಿರಸಿಯ ತೋಟಗಾರ್ಸ್ ಸಹಕಾರಿ ಮಾರಾಟ ಸಂಘವು ವಿಜ್ಞಾನಿಗಳನ್ನೂ ರೈತರನ್ನೂ ಒಂದೇ ವೇದಿಕೆಗೆ ತಂದು ವಿಚಾರ ಸಂಕಿರಣ ನಡೆಸಿತು. ಅಡಿಕೆ ಮಾರುವ ಸಂಘವೊಂದು ಅಣೆಕಟ್ಟಿನ ಲಾಭನಷ್ಟವನ್ನು ತಾನೇ ಲೆಕ್ಕಹಾಕಲು ಕುಳಿತದ್ದು ಅಂದಿನ ಮಟ್ಟಿಗೆ ಅಪರೂಪದ ಸಂಗತಿ. ಆ ಯೋಜನೆ ಕೈಬಿಟ್ಟುಹೋಯಿತು. ಲೆಕ್ಕ ಕೇಳುವ ಅಭ್ಯಾಸ ಮಾತ್ರ ಊರಲ್ಲಿ ಉಳಿಯಿತು.

1983ರ ಅಪ್ಪಿಕೋ ಚಳವಳಿಯನ್ನು ಈ ಬೆಳಕಿನಲ್ಲಿ ಓದಬೇಕು. ಶಿರಸಿ ತಾಲ್ಲೂಕಿನ ಬಾಳೆಗದ್ದೆಯ ಲಕ್ಷ್ಮೀನರಸಿಂಹ ಯುವಕ ಮಂಡಳಿಯ ಹುಡುಗರು ಸಹಜ ಕಾಡನ್ನು ಕಡಿದು ತೇಗ ನೆಡುವುದನ್ನು ವಿರೋಧಿಸಿದರು. ಚಿಪ್ಕೋ ಚಳವಳಿಯ ಸುಂದರಲಾಲ್ ಬಹುಗುಣ ಈ ಭಾಗಕ್ಕೆ ಬಂದುಹೋದರು. 1983ರ ಸೆಪ್ಟೆಂಬರ್ 8ರಂದು ಸಾಲ್ಕಣಿ ಸುತ್ತಿನ ಜನ ಕಳಸೆ ಕಾಡಿಗೆ ನಡೆದುಹೋಗಿ ಮರಗಳನ್ನು ಅಪ್ಪಿ ನಿಂತರು. ಕಡಿತಲೆಯನ್ನು ತಡೆಯುವ ಈ ಕ್ರಮ ಅದೇ ವರ್ಷ ಸಿದ್ದಾಪುರ ತಾಲ್ಲೂಕಿನ ನಿಡಗೋಡಿಗೂ ಹಬ್ಬಿತು. ಚರಿತ್ರೆಯ ಪುಸ್ತಕಗಳಲ್ಲಿ ಅಪ್ಪುಗೆಯ ಚಿತ್ರ ಉಳಿದಿದೆ. ಆದರೆ ಅಧಿಕಾರಿಗಳೊಂದಿಗಿನ ವಾದದ ತಿರುಳು, ಗುರುತು ಹಾಕಿದ ಒಂದು ಮರವನ್ನು ಉರುಳಿಸುವಾಗ ಗುರುತು ಹಾಕದ ಎಷ್ಟು ಮರಗಳು ಹಾಳಾಗುತ್ತವೆ ಎಂಬುದಾಗಿತ್ತು, ಮತ್ತು ಅದಕ್ಕೆ ಉತ್ತರ ಬೇಕಾದವರು ಕಾಡಿನಲ್ಲಿ ನಡೆದು ಎಣಿಸಲೇಬೇಕಿತ್ತು. ಇದೇ ಚಳವಳಿಯ ಬರಹಗಳಲ್ಲಿ ಜಿಲ್ಲೆಯ ಕಾಡು 1950ರಲ್ಲಿ ಶೇಕಡಾ 81ರಷ್ಟಿದ್ದು 1980ರ ಹೊತ್ತಿಗೆ ಸುಮಾರು 25ಕ್ಕೆ ಇಳಿಯಿತೆಂಬ ಮಾತು ಪದೇ ಪದೇ ಬರುತ್ತದೆ. ಎರಡು ಕಾಲದಲ್ಲೂ ಕಾಡು ಎಂಬುದನ್ನು ಒಂದೇ ಅಳತೆಗೋಲಿನಿಂದ ಅಳೆಯಲಾಗಿತ್ತೇ ಎಂದು ಕೇಳದೆ ಈ ಅಂಕಿಯನ್ನು ಮುಂದಕ್ಕೆ ಸಾಗಿಸುವುದು ಎಣಿಸಲು ಕಲಿತವರಿಗೆ ಒಪ್ಪುವ ಕೆಲಸವಲ್ಲ.

ಅಪ್ಪಿಕೋದ ಮುಂದಾಳು ಪಾಂಡುರಂಗ ಹೆಗಡೆ ಮುಂತಾದವರು ಚಳವಳಿಗೆ ಉಳಿಸು, ಬೆಳೆಸು, ಬಳಸು ಎಂಬ ಮೂರು ಮಾತುಗಳನ್ನು ಕೊಟ್ಟರು. ಮೊದಲನೆಯದು ಪ್ರತಿಭಟನೆಯಾಗಿದ್ದು ಉಳಿದ ಎರಡು ದಿನನಿತ್ಯದ ಕಸುಬಾಗಿದ್ದುದರಿಂದ ಕೈಕಲಿಕೆಯ ದೃಷ್ಟಿಯಿಂದ ಅವುಗಳಲ್ಲೇ ಹೆಚ್ಚಿನ ಸತ್ವವಿದೆ. ಬಳಸು ಎಂಬುದರ ಮುಖ್ಯ ರೂಪ ಅಸ್ತ್ರ ಒಲೆ. ಅಮೂಲ್ಯ ರೆಡ್ಡಿಯವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಕಟ್ಟಿದ ಅಸ್ತ್ರ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರದಲ್ಲಿ ರೂಪುಗೊಂಡ ಈ ಮಣ್ಣಿನ ಒಲೆಯಲ್ಲಿ ಬೆಂಕಿಯ ಗೂಡು ಮುಚ್ಚಿರುತ್ತದೆ. ಗಾಳಿ ಕೆಳಗಿನ ಜಾಲರಿಯಿಂದ ಅಳತೆಗೆ ತಕ್ಕಷ್ಟೇ ಒಳಬರುತ್ತದೆ. ಬಿಸಿಗಾಳಿ ಮೊದಲ ಪಾತ್ರೆಯನ್ನು ಸುತ್ತಿ, ಹಿಂದಿನ ಎರಡು ಪಾತ್ರೆಗಳ ಅಡಿಯಲ್ಲಿ ಹಾದು ಹೊಗೆಕೊಳವೆಯಿಂದ ಹೊರಬೀಳುತ್ತದೆ. ತೆರೆದ ಒಲೆಯಲ್ಲಿ ಗಾಳಿಗೆ ಹೋಗಿಬಿಡುವ ಶಾಖ ಇಲ್ಲಿ ಅನ್ನದ ಜೊತೆಗೆ ಸಾರನ್ನೂ ನೀರನ್ನೂ ಕಾಯಿಸುತ್ತದೆ. ಚಳವಳಿಯವರ ಲೆಕ್ಕದಂತೆ ಈ ಭಾಗದಲ್ಲಿ ಇಂಥ 2000ದಷ್ಟು ಒಲೆಗಳು ಕಟ್ಟಲ್ಪಟ್ಟವು, ಸೌದೆ ಶೇಕಡಾ 40ರಷ್ಟು ಉಳಿಯಿತು.

ಸಂಖ್ಯೆಗಿಂತ ಒಲೆ ಕಟ್ಟುವ ಕ್ರಮ ಗಮನಾರ್ಹ. ಗೂಡಿನ ಎತ್ತರ, ಸುರಂಗದ ಅಗಲ, ಕೊಳವೆಯ ಬಾಯಿ ಇವುಗಳಲ್ಲಿ ಯಾವುದೊಂದು ತಪ್ಪಿದರೂ ಹೊಗೆ ಅಡಿಗೆಮನೆಗೇ ತಿರುಗುತ್ತದೆ; ಪಾತ್ರೆಯ ಸುತ್ತು ಒಲೆಯ ಬಾಯಿಗೆ ಕೂರದಿದ್ದರೆ ಶಾಖ ಸೋರುತ್ತದೆ. ಹೀಗಾಗಿ ನಕ್ಷೆ ಹಿಡಿದು ಬಂದ ಹುಡುಗ ಮೊದಲು ಆ ಮನೆಯ ಪಾತ್ರೆಗಳನ್ನು ಅಳೆಯಬೇಕು, ಯಾವ ಹೊತ್ತಿಗೆ ಏನು ಬೇಯುತ್ತದೆ ಎಂದು ಮನೆಯೊಡತಿಯನ್ನು ಕೇಳಬೇಕು. ವಾರದೊಳಗೆ ಒಲೆ ಪಾಸೋ ಫೇಲೋ ಎಂದು ತೀರ್ಮಾನಿಸುವವಳು ಆಕೆಯೇ. ಅವಳ ತೀರ್ಪಿಗೆ ಮೇಲ್ಮನವಿ ಇಲ್ಲ. ಒಪ್ಪಿಗೆಯಾಗದ ಒಲೆ ಮರುದಿನವೇ ಒಡೆದು ಮಣ್ಣಾಗುತ್ತದೆ. ಗಂಡಸರೇ ತುಂಬಿದ್ದ ಯುವಕ ಮಂಡಳಿಗಳು ಅಡಿಗೆಮನೆಯನ್ನು ಪ್ರಯೋಗಶಾಲೆಯಾಗಿ ಕಾಣಬೇಕಾಗಿ ಬಂದದ್ದು ಹೀಗೆ. ಮುಗಿಸಿಕೊಡುವ ಆತುರದಲ್ಲಿ ಎಣಿಕೆಗಾಗಿಯೇ ಕಟ್ಟಿದ ಒಲೆಗಳು ಸರ್ಕಾರಿ ಯೋಜನೆಗಳಲ್ಲಿ ದೇಶದ ಹಲವೆಡೆ ಮೂಲೆ ಸೇರಿದ್ದಕ್ಕೆ ಈ ಪರೀಕ್ಷಕಿಯ ಗೈರುಹಾಜರಿಯೂ ಒಂದು ಕಾರಣ.

ಬೆಳೆಸು ಎಂಬುದರ ಪಾಠ ಇದಕ್ಕಿಂತ ನಿಧಾನದ್ದು. ತೇಗದ, ಅಕೇಶಿಯಾದ ಸಸಿ ಮಾಡುವುದು ಸುಲಭ. ಕಾಡುಮರಗಳ ಬೀಜಕ್ಕೆ ಅದರದರ ಕಾಲವಿದೆ. ಅಪ್ಪೆಮಾವಿನ ಓಟೆಯನ್ನೂ ಹಲಸಿನ ಬೀಜವನ್ನೂ ಒಣಗಿಸಿಟ್ಟರೆ ಮೊಳಕೆ ಸಾಯುತ್ತದೆ, ಹಣ್ಣು ಬಿದ್ದ ಕೂಡಲೆ ಕೊಟ್ಟೆಗೆ (ಸಸಿ ಬೆಳೆಸುವ ಚೀಲಕ್ಕೆ) ಹಾಕಬೇಕು. ಉಪ್ಪಾಗೆ ಎಂಬ ಹುಳಿಹಣ್ಣಿನ ಕಾಡುಮರದ ಬೀಜ ಮೊಳೆಯಲು ತಿಂಗಳುಗಟ್ಟಲೆ ಕಾಯಿಸುತ್ತದೆ. ಈ ತಿಳಿವಳಿಕೆ ಬೆಟ್ಟಕ್ಕೆ ಹೋಗಿ ಹಣ್ಣು ಹೆಕ್ಕುವವರಲ್ಲಿತ್ತು. 1990ರ ದಶಕದಲ್ಲಿ ಉಪ್ಪಾಗೆಯ ಸಿಪ್ಪೆಗೆ ಹೊರದೇಶದ ಔಷಧ ಮಾರುಕಟ್ಟೆಯಿಂದ ಬೆಲೆ ಏರಿ, ಟೊಂಗೆ ಸಮೇತ ಕಾಯಿ ಕೀಳುವ ಪೈಪೋಟಿ ಹುಟ್ಟಿದಾಗ, ಹಣ್ಣಾಗುವವರೆಗೆ ಕಾಯಬೇಕೆಂಬ ನಿಯಮವನ್ನು ಊರೊಟ್ಟಿಗೆ ಪಾಲಿಸುವುದು ಸಸಿ ನೆಡುವುದಕ್ಕಿಂತ ಕಷ್ಟದ ವಿದ್ಯೆ ಎಂಬುದು ಮನವರಿಕೆಯಾಯಿತು. 1969ರಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯು ತನ್ನ ಪ್ರತಿ ವಿದ್ಯಾರ್ಥಿ ಸ್ವಯಂಸೇವಕರಿಂದ ವರ್ಷಕ್ಕೆ 120 ಗಂಟೆಗಳ ಸೇವೆಯನ್ನೂ ಏಳು ದಿನಗಳ ಶಿಬಿರವನ್ನೂ ಬಯಸುತ್ತದೆ. ಏಳು ದಿನದಲ್ಲಿ ಗುಂಡಿ ತೋಡಬಹುದು, ಉಪ್ಪಾಗೆಯನ್ನು ಕಾಯಲಾಗದು.

ಇಲ್ಲಿ ಈ ಪರಂಪರೆಯ ಕೊರತೆಯನ್ನೂ ಹೇಳಬೇಕು. ಯುವಕ ಮಂಡಳಿಗಳ ಮುಂದಾಳುಗಳು ಹೆಚ್ಚಾಗಿ ತೋಟವುಳ್ಳ ಮನೆಗಳ ಹುಡುಗರು. ಬೆಟ್ಟದ ಹಕ್ಕೂ ಅವರದೇ. ಬೀಜ ಹೆಕ್ಕುವ ಹೆಂಗಸರು, ಜೇನು ಇಳಿಸುವ, ಅಡಿಕೆ ಮರ ಹತ್ತಿ ಕೊನೆ ಕೊಯ್ಯುವ ಶ್ರಮಿಕರು, ಯಲ್ಲಾಪುರದ ಕಾಡಂಚಿನ ಸಿದ್ದಿಗಳು ಕೂಲಿಯವರಾಗಿ ಕಂಡಷ್ಟು ಸುಲಭವಾಗಿ ಗುರುಗಳಾಗಿ ಕಾಣಲಿಲ್ಲ. 2003ರಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ಪಡೆದ ಉತ್ತರ ಕನ್ನಡದ ಸಿದ್ದಿ ಸಮುದಾಯದ ಮಕ್ಕಳನ್ನು ಹೊರಗಿನ ಸಂಸ್ಥೆಗಳು ಹೆಚ್ಚಾಗಿ ಗುರುತಿಸಿದ್ದು ಆಟೋಟದ ಪ್ರತಿಭೆಗಾಗಿ. ಹಳೆಯ ಸೀರೆಯ ತುಂಡುಗಳನ್ನು ಜೋಡಿಸಿ ಅವರ ತಾಯಂದಿರು ಹೊಲಿಯುವ ಕೌದಿಯ ಲೆಕ್ಕಾಚಾರ ತಡವಾಗಿ ಕಣ್ಣಿಗೆ ಬಿತ್ತು. 2001ರಲ್ಲಿ ಶಿರಸಿಯಲ್ಲಿ ಸುನೀತಾ ರಾವ್ ಕಟ್ಟಿದ ವನಸ್ತ್ರೀ ಈ ಕೊರತೆಯನ್ನು ಒಂದು ಕಡೆಯಿಂದ ತುಂಬಿದೆ. ಹಿತ್ತಿಲಲ್ಲಿ ನಾಟಿ ತರಕಾರಿ ಬೀಜ ಉಳಿಸುವ ಹೆಂಗಸರ ಈ ಬಳಗದಲ್ಲಿ ಬೀಜ ಆರಿಸುವ, ಬೂದಿ ಬೆರೆಸಿ ಒಣಗಿಸಿಡುವ ಅನುಭವವೇ ಅಧಿಕಾರದ ಮೂಲ. ಬಳಗ ನಡೆಸುವ ಮಲೆನಾಡ ಮೇಳದಲ್ಲಿ ಮಾರುವವರೂ ಕಲಿಸುವವರೂ ಅವರೇ.

ಇತ್ತೀಚಿನ ಕೆರೆ ಕೆಲಸಗಳು ಮತ್ತೊಂದು ತೊಡಕನ್ನು ಮುಂದಿಡುತ್ತವೆ. ಪರಿಸರ ಬರಹಗಾರ ಶಿವಾನಂದ ಕಳವೆಯವರ ಬರಹ ಮತ್ತು ಕಳವೆ ಊರಿನ ಕಾನ್ಮನೆ ಎಂಬ ಕಾಡಿನ ಕಲಿಕಾಕೇಂದ್ರದ ಶಿಬಿರಗಳು, ಶ್ರೀನಿವಾಸ ಹೆಬ್ಬಾರರ ಮುಂದಾಳ್ತನದ ಶಿರಸಿ ಜೀವಜಲ ಕಾರ್ಯಪಡೆ ಇವು ಹೂಳು ತುಂಬಿದ ಕೆರೆಗಳನ್ನು ಮತ್ತೆ ನೋಡುವಂತೆ ಮಾಡಿವೆ. ಆದರೆ ಇಂದು ಹೂಳೆತ್ತುವುದು ಯಂತ್ರ. ಗುದ್ದಲಿ ಹಿಡಿದು ಸಾಲಾಗಿ ನಿಂತು ಬುಟ್ಟಿ ದಾಟಿಸುತ್ತಿದ್ದಾಗ ಮಣ್ಣಿನ ಪದರ ತಾನಾಗಿ ಕೈಗೆ ಸಿಗುತ್ತಿತ್ತು, ಎಲ್ಲಿಯವರೆಗೆ ಹೂಳು, ಎಲ್ಲಿಂದ ಕೆರೆಯ ಜೇಡಿ ಎಂದು ಬೆರಳಿಗೆ ಗೊತ್ತಾಗುತ್ತಿತ್ತು. ಯಂತ್ರದ ಹಲ್ಲು ಆ ಜೇಡಿಯನ್ನೂ ಸೀಳಿದರೆ ಕೆರೆ ನೀರು ಹಿಡಿಯುವುದಿಲ್ಲ. ದೇಣಿಗೆ ಕೂಡಿಸುವ, ಚಿತ್ರ ತೆಗೆಯುವ ಸ್ವಯಂಸೇವಕರಿಗೆ ಕೊರತೆಯಿಲ್ಲದಿರುವಾಗಲೂ, ಬಕೆಟ್ಟಿನಲ್ಲಿ ಬಂದ ಮಣ್ಣನ್ನು ಹಿಡಿಯಷ್ಟು ತೆಗೆದು ಹಿಸುಕಿ ನೋಡಿ ಯಂತ್ರದವನಿಗೆ ಸಾಕು ಎಂದು ಕೈ ಎತ್ತಬಲ್ಲವರು ಇರಬೇಕಾಗುತ್ತದೆ. ಅಂಥವರ ಪಕ್ಕದಲ್ಲಿ ಎಷ್ಟು ಮಂದಿ ಹುಡುಗ ಹುಡುಗಿಯರನ್ನು ನಿಲ್ಲಿಸಲಾಗಿದೆ ಎಂಬುದು ಈ ಕೆಲಸಗಳ ವರದಿಗಳಲ್ಲಿ ದಾಖಲಾಗಬೇಕಾದ ಅಂಕಿ.