ವಿಧವೆಯ ಕಾಸು ಮತ್ತು ಹೊಲದ ಹೆಸರು

ಕಳೆದ ಕ್ರಿಸ್‌ಮಸ್ ರಜೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಬೆಟಗೇರಿಯ ಕ್ರೈಸ್ತ ಮನೆತನದವನು, ಈಗ ಅಮೇರಿಕೆಯಲ್ಲಿ ಉದ್ಯೋಗದಲ್ಲಿದ್ದಾನೆ. ಬಾಸೆಲ್ ಮಿಶನ್ನಿನವರು 1840ರ ದಶಕದ ಆರಂಭದಲ್ಲೇ ಬೆಟಗೇರಿಗೆ ಬಂದುದರಿಂದ ನಮ್ಮ ಕಡೆ ಇಂಥ ಹಳೆಯ ಮನೆತನಗಳು ಹಲವು. ಚಹ ಕುಡಿದಾದ ಮೇಲೆ ಅವನು ಜೇಬಿನಿಂದ ಪ್ಲಾಸ್ಟಿಕ್ ಡಬ್ಬಿಯೊಂದನ್ನು ತೆಗೆದು ನನ್ನ ಅಂಗೈಯಲ್ಲಿಟ್ಟ. ಒಳಗೆ ಉಗುರಿನಷ್ಟಗಲದ, ಅಂಚು ಸವೆದ ಕಂಚಿನ ಚೂರು.

“ಅವ್ವಗ ಅಂತ ತಗೊಂಡೀನ್ರಿ ಸರ. ಬೈಬಲ್‌ದಾಗ ಬಡ ವಿಧವಿ ಹಾಕಿದ ಕಾಸು ಇಂಥಾದ ಅಂತ್ರಿ. ಖರೇ ಏನ್ರಿ?”

ಆ ಕಥೆ ಮಾರ್ಕನ ಸುವಾರ್ತೆಯ 12ನೆಯ ಅಧ್ಯಾಯದಲ್ಲಿದೆ. ಜೆರೂಸಲೇಮಿನ ದೇವಾಲಯದಲ್ಲಿ ಶ್ರೀಮಂತರು ಧಾರಾಳವಾಗಿ ಕಾಣಿಕೆ ಹಾಕುತ್ತಿದ್ದಾಗ ಬಡ ವಿಧವೆಯೊಬ್ಬಳು ಎರಡು ಸಣ್ಣ ಕಾಸು ಹಾಕುತ್ತಾಳೆ. ಇವಳದೇ ದೊಡ್ಡ ಕಾಣಿಕೆಯೆಂದು ಯೇಸು ಶಿಷ್ಯರಿಗೆ ಹೇಳುತ್ತಾನೆ. ಸುವಾರ್ತೆ ಆ ಕಾಸನ್ನು ‘ಲೆಪ್ಟನ್’ ಎನ್ನುತ್ತದೆಯೇ ಹೊರತು ಯಾವ ಅರಸನದೆಂದು ಹೇಳುವುದಿಲ್ಲ. ವ್ಯಾಪಾರಿಗಳು ಈ ಹೆಸರಿನಲ್ಲಿ ಹೆಚ್ಚಾಗಿ ಮಾರುವುದು ಯೂದಾಯದ ಅರಸ ಅಲೆಕ್ಸಾಂಡರ್ ಯನ್ನಾಯಸನ (ಕ್ರಿ.ಪೂ. 103–76) ನಾಣ್ಯಗಳನ್ನು: ಒಂದು ಬದಿಗೆ ಲಂಗರು, ಇನ್ನೊಂದು ಬದಿಗೆ ನಕ್ಷತ್ರ. ಅರಸ ಸತ್ತು ನೂರು ವರ್ಷ ಕಳೆದ ಮೇಲೂ ಅವು ಚಲಾವಣೆಯಲ್ಲಿದ್ದವು. ಹಾಗಾಗಿ ‘ಇಂಥದು’ ಎನ್ನಬಹುದು, ‘ಇದೇ’ ಎನ್ನಲಾಗದು. ನಮ್ಮ ಮನೆಗಳ ದೇವರ ಜಗಲಿಯ ಮೇಲೆ ರಾಮಟಂಕಿ ಇಟ್ಟು ಪೂಜಿಸುವುದಿಲ್ಲವೆ? ಅದು ಶ್ರೀರಾಮ ಅಚ್ಚು ಹಾಕಿಸಿದ್ದಲ್ಲವೆಂದು ನನ್ನ ತಾಯಿಗೂ ಗೊತ್ತಿತ್ತು. ಪೂಜೆ ನಿಲ್ಲಲಿಲ್ಲ.

ಯೂದಾಯದ ನಾಣ್ಯಗಳಲ್ಲಿ ನನಗೆ ಅಚ್ಚರಿ ತರುವ ಸಂಗತಿ ಬೇರೆ. ಮೂರ್ತಿ ನಿಷಿದ್ಧವಾದ ಧರ್ಮ ಅವರದು. ಆದುದರಿಂದ ಅವರ ನಾಣ್ಯಗಳಲ್ಲಿ ಸಾಮಾನ್ಯವಾಗಿ ಅರಸನ ಮುಖವಿಲ್ಲ. ಆದರೆ ದೇವಾಲಯದ ತೆರಿಗೆಯನ್ನು ಮಾತ್ರ ತೂರ್ ಪಟ್ಟಣದ ಬೆಳ್ಳಿಯಲ್ಲೇ ಸಲ್ಲಿಸಬೇಕಾಗಿತ್ತು. ಅದರ ಮೇಲಿದ್ದುದು ಅನ್ಯದೇವತೆ ಮೆಲ್ಕಾರ್ಟನ ತಲೆ! ಸುಮಾರು 14 ಗ್ರಾಂ ತೂಗುವ ಅದರ ಬೆಳ್ಳಿ ಶುದ್ಧವಾಗಿತ್ತು, ಅಷ್ಟೇ ಕಾರಣ. ಯೂದನು ಪಡೆದ ಮೂವತ್ತು ಬೆಳ್ಳಿ ನಾಣ್ಯಗಳೂ ಇವೇ ಇರಬೇಕೆಂದು ಹಲವು ವಿದ್ವಾಂಸರ ಊಹೆ. ಕ್ರಿ.ಶ. 66ರಲ್ಲಿ ರೋಮಿನ ವಿರುದ್ಧ ದಂಗೆಯೆದ್ದಾಗ ಯೆಹೂದ್ಯರು ತಮ್ಮದೇ ಬೆಳ್ಳಿಯ ಶೆಕೆಲ್ ಹೊರಡಿಸಿದರು. 70ರಲ್ಲಿ ಜೆರೂಸಲೇಮು ಬಿದ್ದ ಮೇಲೆ ರೋಮನರು ಹೊರಡಿಸಿದ ನಾಣ್ಯಗಳಲ್ಲಿ ಖರ್ಜೂರದ ಮರದ ಕೆಳಗೆ ಸ್ತ್ರೀಯೊಬ್ಬಳು ದುಃಖಿಸುತ್ತ ಕುಳಿತಿದ್ದಾಳೆ. ಗೆದ್ದವರು ಸೋತವರ ಅಳುವನ್ನು ಅಚ್ಚು ಹಾಕಿಸಿ ಸಂತೆಗೆ ಬಿಟ್ಟರು.

ನಮ್ಮ ಚಾಲುಕ್ಯರ ಚಿನ್ನದಲ್ಲೂ ಅರಸನ ಮುಖವಿಲ್ಲ. ಕಮಲ, ಸಿಂಹ, ‘ಶ್ರೀ’ಕಾರ, ಬಿರುದಿನ ಅಕ್ಷರಗಳು ಇಷ್ಟೇ. ಗದಗಿನಿಂದ 12 ಕಿ.ಮೀ. ದೂರದ ಲಕ್ಕುಂಡಿ, ಶಾಸನಗಳ ಲೊಕ್ಕಿಗುಂಡಿ, ಟಂಕಸಾಲೆಯ ಊರು. ‘ಲೊಕ್ಕಿ ಗದ್ಯಾಣ’ವೆಂದು ಶಾಸನಗಳು ಹೆಸರಿಡಿದೇ ಕರೆಯುತ್ತವೆ. ಅದೇ ಶಾಸನಗಳಲ್ಲಿ ಬರುವ ‘ದ್ರಮ್ಮ’ ಗ್ರೀಕರ ದ್ರಖ್ಮೆಯಿಂದ ಬಂದ ಪದ. ತೂರಿನ ಶೆಕೆಲ್ ಆ ತೂಕದ ಲೆಕ್ಕದಲ್ಲಿ ನಾಲ್ಕು ದ್ರಖ್ಮೆ!

ಆದರೆ ಬೈಬಲ್ಲಿನ ಕಾಲದ ನಾಣ್ಯ ನೋಡಲು ಅಮೇರಿಕೆಗೆ ಹೋಗಬೇಕಿಲ್ಲ. ಸೀಸರನಿಗೆ ತೆರಿಗೆ ಕೊಡಬಹುದೇ ಎಂದು ಕೇಳಿದವರಿಂದ ಯೇಸು ಒಂದು ನಾಣ್ಯವನ್ನು ತರಿಸಿ ತೋರಿಸಿದನಲ್ಲ, ಅದು ಟೈಬೀರಿಯಸ್ ಚಕ್ರವರ್ತಿಯ ದಿನಾರಿಯಸ್ ಆಗಿತ್ತೆಂದು ಬಹುಮಂದಿ ತಿಳಿಯುತ್ತಾರೆ. ಅದೇ ಟೈಬೀರಿಯಸ್‌ನ ದಿನಾರಿಯಸ್ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ದೊರೆತಿದೆ. ಅಲ್ಲಿ ಮೊದಲು ಎಂ.ಎಚ್. ಕೃಷ್ಣ ಅವರೂ 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅವರೂ ಉತ್ಖನನ ನಡೆಸಿದರು. ರೋಮನ್ ನಾಣ್ಯದ ಕಾಲ ನಿಶ್ಚಿತವಾದುದರಿಂದ, ಅದರೊಡನೆ ಸಿಕ್ಕ ಶಾತವಾಹನರ ಕಾಲದ ಮಡಕೆ ಚೂರುಗಳ ಕಾಲವನ್ನೂ ಅಳೆಯಲು ಆಧಾರ ದೊರೆಯಿತು. ಯಾವ ಗುಂಡಿ, ಯಾವ ಪದರು ಎಂದು ಬರೆದಿಟ್ಟುದರಿಂದ ಇದು ಸಾಧ್ಯವಾಯಿತು.

ಶಿಷ್ಯನ ಡಬ್ಬಿಯೊಡನೆ ಪ್ರಮಾಣಪತ್ರವೂ ಇತ್ತು. ಅರಸನ ಹೆಸರಿತ್ತು, ಕ್ರಮಸಂಖ್ಯೆಯಿತ್ತು. ಯಾವ ಮಣ್ಣಿನಿಂದ ಬಂತೆಂಬುದು ಮಾತ್ರ ಇರಲಿಲ್ಲ. ಅದನ್ನು ಅವನಿಗೆ ತೋರಿಸಿ ಹೇಳಹೊರಟವನು ನಡುವೆಯೇ ಸುಮ್ಮನಾದೆ. ಹೇಳುವ ಅಧಿಕಾರ ನನಗೆಲ್ಲಿತ್ತು?

1988ರಲ್ಲಿ ನಾನು ಮುಂಡರಗಿ ತಾಲೂಕಿನ ಶಾಲೆಯೊಂದರಲ್ಲಿದ್ದೆ. ಎಂಟನೆಯ ಇಯತ್ತೆಯ ಹುಡುಗನೊಬ್ಬ ಒಂದು ಮುಂಜಾನೆ ಅಂಗಿಯ ತುದಿಯ ಗಂಟು ಬಿಚ್ಚಿ, “ರಂಟಿ ಹೊಡಿಯೂ ಮುಂದ ಸಿಕ್ಕೈತ್ರಿ ಸರ, ಮನ್ಯಾಗ ಇನ್ನೂ ಆರು ಅದಾವ್ರಿ” ಎಂದ. ಬಟ್ಟಲಿನಂತೆ ತುಸು ಬಾಗಿದ ತೆಳುವಾದ ಚಿನ್ನದ ನಾಣ್ಯ, ಮೇಲೆ ಸಿಂಹದ ಮುದ್ರೆ. ನನ್ನ ಹಿಗ್ಗಿಗೆ ಪಾರವಿರಲಿಲ್ಲ. ಅಂದಿನ ಪಾಠ ಬದಿಗಿಟ್ಟು ಚಾಲುಕ್ಯರನ್ನೂ ಲಕ್ಕುಂಡಿಯನ್ನೂ ಅತ್ತಿಮಬ್ಬೆಯನ್ನೂ ಒಂದು ತಾಸು ವರ್ಣಿಸಿದೆ. ನಾಣ್ಯವನ್ನು ಬೆಂಚಿನಿಂದ ಬೆಂಚಿಗೆ ದಾಟಿಸಿದೆ. ಹುಡುಗನ ಬೆನ್ನು ತಟ್ಟಿ ಮರಳಿ ಕೊಟ್ಟೆ. ಭೂಮಿಯಲ್ಲಿ ಸಿಕ್ಕ ನಿಧಿಯನ್ನು ಸರಕಾರಕ್ಕೆ ತಿಳಿಸಬೇಕೆಂಬ ಕಾಯ್ದೆಯಿದೆಯೆಂದು ನನಗೆ ಗೊತ್ತಿತ್ತು, ಹೇಳಲಿಲ್ಲ. ತಹಶೀಲ್ದಾರರಿಗೆ ಒಂದು ಕಾಗದ ಬರೆಯಲಿಲ್ಲ. ನಾಣ್ಯದ ತೂಕ ತೆಗೆಯಲಿಲ್ಲ, ಕಾಗದವಿಟ್ಟು ಪೆನ್ಸಿಲ್ಲಿನಿಂದ ಉಜ್ಜಿ ಅಚ್ಚು ಕೂಡ ತೆಗೆದುಕೊಳ್ಳಲಿಲ್ಲ.

ಶಾಲೆಯ ಮಕ್ಕಳ ಬಾಯಿಂದ ಸುದ್ದಿ ಊರೆಲ್ಲ ಹಬ್ಬಿತು. ಪೊಲೀಸರು ಬಂದಾರೆಂದು ಹೆದರಿದ ತಂದೆ ಆ ವಾರದೊಳಗೇ ಏಳನ್ನೂ ಒಬ್ಬ ಅಕ್ಕಸಾಲಿಗನಿಗೆ ಕೊಟ್ಟನಂತೆ. ಕರಗಿದುವು. ಆ ಹುಡುಗ ಮುಂದಿನ ವರ್ಷ ಶಾಲೆ ಬಿಟ್ಟ. ನನ್ನ ತಾಸಿನ ಪಾಠ ಆ ಮನೆಗೆ ತಂದುದು ಭಯವನ್ನು ಮಾತ್ರ.

ಬೆಟಗೇರಿಯ ಶಿಷ್ಯನಿಗೆ, “ಅವ್ವಗ ಕೊಡಪಾ, ಬೈಬಲ್‌ದಾಗ ಇಟ್ಕೊಳ್ಳಲಿ. ಮಾರಿದವರಿಗೆ ಮಾತ್ರ ಒಂದು ಕಾಗದ ಬರಿ, ಎಲ್ಲಿ ಸಿಕ್ಕಿದ್ದು ಅಂತ ಕೇಳು” ಎಂದೆ. ಬರೆದಿದ್ದಾನಂತೆ, ಉತ್ತರ ಬಂದಿಲ್ಲ.

ಆ ತರಗತಿಯಲ್ಲಿ ಕುಳಿತಿದ್ದವರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಕೋರಿಕೆ. ಆ ಹೊಲ ಊರಿನ ಯಾವ ದಿಕ್ಕಿಗಿತ್ತು, ಅದಕ್ಕೆ ಊರವರು ಏನೆಂದು ಕರೆಯುತ್ತಿದ್ದರು, ಹತ್ತಿರ ಹಾಳುಗುಡಿಯೋ ಹಳೆಯ ಬಾವಿಯೋ ಇತ್ತೆ? ನೆನಪಿದ್ದಷ್ಟು ಬರೆಯಿರಿ. ಹುಡುಗನ ಹೆಸರು ಬೇಡ. ಹೊಲದ ಹೆಸರು ಸಾಕು.