ಫೋರ್ ಬೈ ಫೋರ್ ಗಾಡಿಯಾದರೆ ತುಂಬಿದ ಹಳ್ಳವನ್ನೂ ದಾಟಬಹುದೇ?

ಮಳೆಗಾಲ ಶುರುವಾದರೆ ಸಾಕು, ಹಳ್ಳದ ನೀರು ಸೀಳಿಕೊಂಡು ಹೋಗುವ ಜೀಪಿನ ವಿಡಿಯೊಗಳು ಗ್ರೂಪಿನಿಂದ ಗ್ರೂಪಿಗೆ ಹರಿದಾಡುತ್ತವೆ. ‘ದೊಡ್ಡ ಟೈರು, ಸ್ನಾರ್ಕೆಲ್ ಹಾಕಿಸಿದರೆ ಫೋರ್ ಬೈ ಫೋರ್ ಎಲ್ಲಿಗೆ ಬೇಕಾದರೂ ಹೋಗುತ್ತದೆ’ ಎಂಬ ಮಾತೂ ಜೊತೆಗೇ ಬರುತ್ತದೆ. ಎರಿ ಹೊಲದ ದಾರಿ, ದಿಢೀರನೆ ತುಂಬುವ ಹಳ್ಳ, ಪಕ್ಕದಲ್ಲೇ ಕಪ್ಪತಗುಡ್ಡ ಇರುವ ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಕಡೆ ಈ ಮಾತು ನಂಬಿದರೆ ಜೀವಕ್ಕೇ ಕುತ್ತು. ಇದರಲ್ಲಿ ನಿಜವೆಷ್ಟು, ನೋಡೋಣ.

ಫೋರ್ ಬೈ ಫೋರ್ ಏನು ಮಾಡುತ್ತದೆ?

ಎಂಜಿನ್ನಿನ ಶಕ್ತಿ ನಾಲ್ಕೂ ಗಾಲಿಗೆ ಹಂಚಿಹೋಗುತ್ತದೆ. ಎರಡು ಗಾಲಿ ಜಾರಿದರೂ ಉಳಿದೆರಡು ಗಾಡಿಯನ್ನು ಎಳೆಯಬಹುದು. ಲಾಭ ಇಷ್ಟೇ: ಮುಂದೆ ಸಾಗಲು ನೆರವು. ನಿಲ್ಲಿಸಲು ಅಲ್ಲ. ಸಾಮಾನ್ಯ ಕಾರಿಗೂ ನಾಲ್ಕೂ ಗಾಲಿಗೆ ಬ್ರೇಕ್ ಇರುತ್ತದೆ. ಹಾಗಾಗಿ ಜಾರುವ ರಸ್ತೆಯಲ್ಲಿ ಬ್ರೇಕ್ ಒತ್ತಿದಾಗ ಫೋರ್ ಬೈ ಫೋರ್ ಬೇಗ ನಿಲ್ಲುತ್ತದೆ ಎಂಬುದು ತಪ್ಪು.

ನಂಬಿಕೆ 1: ಸ್ನಾರ್ಕೆಲ್ ಇದ್ದರೆ ನೀರಿನ ಭಯವಿಲ್ಲ

ಸ್ನಾರ್ಕೆಲ್ ಎಂದರೆ ಎಂಜಿನ್ನಿಗೆ ಮೇಲಿನಿಂದ ಗಾಳಿ ತರುವ ಕೊಳವೆ. ಎಂಜಿನ್ನಿನೊಳಗೆ ನೀರು ಹೋಗದಂತೆ ಅದು ತಡೆಯಬಹುದು. ಗಾಡಿ ತೇಲುವುದನ್ನು ತಡೆಯದು. ಲೆಕ್ಕ ಸರಳ. 4 ಮೀಟರ್ ಉದ್ದ, 1.8 ಮೀಟರ್ ಅಗಲದ ಗಾಡಿಯ ತಳಕ್ಕಿಂತ ನೀರು 10 ಸೆಂ.ಮೀ. ಮೇಲೇರಿದರೆ, ನೀರು ಅದನ್ನು ಸುಮಾರು 700 ಕೆ.ಜಿ. ಬಲದಿಂದ ಮೇಲಕ್ಕೆ ಎತ್ತುತ್ತದೆ. 25 ಸೆಂ.ಮೀ. ಏರಿದರೆ 1,800 ಕೆ.ಜಿ. ತೂಕದ ಗಾಡಿಯೂ ತೇಲುವ ಹಂತಕ್ಕೆ ಬರುತ್ತದೆ. ಗಾಲಿಗೆ ನೆಲ ಸಿಗದಿದ್ದರೆ ನಾಲ್ಕು ಗಾಲಿ ತಿರುಗಿ ಏನು ಪ್ರಯೋಜನ? ಹರಿಯುವ ನೀರಾದರೆ ತೇಲುವ ಮುಂಚೆಯೇ ಪಕ್ಕಕ್ಕೆ ತಳ್ಳುತ್ತದೆ. ರಭಸದ 60 ಸೆಂ.ಮೀ. ನೀರು ಬಹುತೇಕ ಎಸ್‌ಯುವಿಗಳನ್ನೂ ಕೊಚ್ಚಿಕೊಂಡು ಹೋಗಬಲ್ಲದು.

ಮಹೀಂದ್ರಾ ಥಾರ್ 650 ಮಿ.ಮೀ. ಆಳದ ನೀರು ದಾಟಬಲ್ಲದು ಎಂದು ಕಂಪನಿ ಹೇಳುತ್ತದೆ. ಆದರೆ ಆ ಅಳತೆಯನ್ನು ಪ್ರವಾಹಕ್ಕೆ ಅನ್ವಯಿಸುವಂತಿಲ್ಲ. ಕೆಂಪು ನೀರಿನ ಕೆಳಗೆ ರಸ್ತೆ ಉಳಿದಿದೆಯೋ ಕೊಚ್ಚಿಹೋಗಿದೆಯೋ ಸೀಟಿನಲ್ಲಿ ಕೂತವರಿಗೆ ಕಾಣುವುದೂ ಇಲ್ಲ.

ನಂಬಿಕೆ 2: ದೊಡ್ಡ ಟೈರು ಎರಿಯಲ್ಲಿ ಹೂಳುವುದಿಲ್ಲ

ಎರಿ ಮಣ್ಣಿನಲ್ಲಿರುವ ಜೇಡಿ ನೀರು ಹೀರಿ ಉಬ್ಬಿ, ಅಂಟಾಗುತ್ತದೆ. ಟೈರಿನ ಗೀರುಗಳಲ್ಲಿ ಮೆತ್ತಿಕೊಂಡರೆ ಎಂಥ ಮಡ್ ಟೈರೂ ನುಣ್ಣನೆಯ ಟೈರಿನಂತೆಯೇ ಜಾರುತ್ತದೆ. ಮಸಾರಿ ನೆಲದಲ್ಲಿ ಸಲೀಸಾಗಿ ಹೋದ ಗಾಡಿ ಎರಿಯಲ್ಲಿ ಸಿಕ್ಕಿಬೀಳುವುದು ಇದಕ್ಕೇ. ರೈತರು ಮಾಡುವುದೇ ಇಲ್ಲಿ ಸರಿಯಾದ ಉಪಾಯ: ನೆಲ ಆರುವವರೆಗೆ ಕಾಯುವುದು. ಮೇಲಾಗಿ ಅತಿ ದೊಡ್ಡ ಟೈರು ಹಾಕಿದರೆ ಸ್ಪೀಡೋಮೀಟರ್ ನಿಜಕ್ಕಿಂತ ಕಡಿಮೆ ವೇಗ ತೋರಿಸುತ್ತದೆ, ಬ್ರೇಕಿನ ಮೇಲೆ ಭಾರ ಹೆಚ್ಚುತ್ತದೆ. ಗಾಡಿಯನ್ನು ಎತ್ತರಿಸಿದಷ್ಟೂ ತಿರುವಿನಲ್ಲಿ ಮಗುಚುವ ಅಪಾಯ ಜಾಸ್ತಿ.

ನಂಬಿಕೆ 3: ನನ್ನ ಗಾಡಿ, ನನ್ನಿಷ್ಟ

ಕಂಪನಿಯ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿತು. ಅದೇ ವರ್ಷ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಪ್ರಕಾರ, ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ ಮಾಲೀಕರಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡೂ ಆಗಬಹುದು. ಏನನ್ನೇ ಹಾಕಿಸುವ ಮುಂಚೆ ಆರ್‌ಟಿಒ ಕಚೇರಿಯಲ್ಲಿ ಕೇಳಿ, ವಿಮಾ ಕಂಪನಿಗೂ ತಿಳಿಸಿ.

ಕಪ್ಪತಗುಡ್ಡಕ್ಕೂ ಇದೇ ಮಾತು. ಅದು 2019ರಿಂದ ವನ್ಯಜೀವಿಧಾಮ. ಅನುಮತಿಯಿರುವ ರಸ್ತೆ ಬಿಟ್ಟು ಗುಡ್ಡದ ಹುಲ್ಲುಗಾವಲಿಗೆ ಗಾಡಿ ಹತ್ತಿಸುವುದು ಸಾಹಸವಲ್ಲ, ಅಪರಾಧ.

ಹಾಗಾದರೆ ಯಾವುದಕ್ಕೆ ಖರ್ಚು ಮಾಡಬೇಕು?

- ಕಂಪನಿ ಸೂಚಿಸಿದ ಅಳತೆಯಲ್ಲೇ ಒಳ್ಳೆಯ ಟೈರು, ಗಾಳಿ ತುಂಬುವ ಸಣ್ಣ ಪಂಪು, ಒತ್ತಡ ಅಳೆಯುವ ಗೇಜು. ಸಡಿಲ ನೆಲದಲ್ಲಿ ಗಾಳಿ ಸ್ವಲ್ಪ ಇಳಿಸಿದರೆ ಹಿಡಿತ ಹೆಚ್ಚುತ್ತದೆ. ಡಾಂಬರು ರಸ್ತೆಗೆ ಬಂದ ಕೂಡಲೇ ಮತ್ತೆ ತುಂಬಬೇಕು.
- ಸಿಕ್ಕಿಬಿದ್ದ ಗಾಡಿ ಎಳೆಯಲು ಅದಕ್ಕೆಂದೇ ಮಾಡಿದ ಪಟ್ಟಿ. ಅದನ್ನು ಕಂಪನಿ ಕೊಟ್ಟ ಕೊಕ್ಕೆಗೇ ಕಟ್ಟಿ. ಟ್ರೇಲರ್ ಕಟ್ಟುವ ಗುಂಡಿಗೆ ಕಟ್ಟಿದರೆ ಅದು ಮುರಿದು ಗುಂಡಿನಂತೆ ಹಾರಬಹುದು, ಎದುರಿಗಿದ್ದವರ ಜೀವ ತೆಗೆಯಬಹುದು. ಎಳೆಯುವಾಗ ಜನರನ್ನು ದೂರ ನಿಲ್ಲಿಸಿ.
- ನೀರು, ಕೆಸರಿನಲ್ಲಿ ಓಡಿಸಿದ ಮೇಲೆ ರೇಡಿಯೇಟರ್, ಬ್ರೇಕ್, ಗಾಲಿಯ ಒಳಬದಿಯ ಎರಿ ಒಣಗುವ ಮುಂಚೆಯೇ ತೊಳೆಸಿ. ಡಿಫರೆನ್ಷಿಯಲ್ ಆಯಿಲ್ ಹಾಲು ಬೆರೆಸಿದಂತೆ ಕಂಡರೆ ನೀರು ಸೇರಿದೆ ಎಂದರ್ಥ, ತಕ್ಷಣ ಬದಲಿಸಿ.
- ಬೇಸಿಗೆಯ ಧೂಳಿನಲ್ಲಿ ಓಡಿಸಿದ್ದರೆ ಏರ್ ಫಿಲ್ಟರ್ ನೋಡಿಸಿ.
- ಲಿವರ್ ಎಳೆದು ಫೋರ್ ವೀಲ್ ಹಾಕುವ ಗಾಡಿಯನ್ನು ಒಣ ಡಾಂಬರಿನ ಮೇಲೆ ಫೋರ್ ವೀಲ್‌ನಲ್ಲಿ ಓಡಿಸಬೇಡಿ. ತಿರುವಿನಲ್ಲಿ ಮುಂದಿನ, ಹಿಂದಿನ ಗಾಲಿಗಳು ಬೇರೆ ಬೇರೆ ದೂರ ಕ್ರಮಿಸುವುದರಿಂದ ಗೇರುಗಳು ಬಿಗಿದು ಹಾಳಾಗುತ್ತವೆ.

ಕೊನೆಯ ಮಾತು

ಫೋರ್ ಬೈ ಫೋರ್ ಎಲ್ಲಿಗೆ ಬೇಕಾದರೂ ಹೋಗುತ್ತದೆ ಎಂಬುದು ಸುಳ್ಳು. ಹಳ್ಳದಲ್ಲಿ ನೀರು ರಭಸವಾಗಿದ್ದರೆ ದಂಡೆಯಲ್ಲೇ ನಿಲ್ಲಿ, ಇಳಿಯುವವರೆಗೆ ಕಾಯಿರಿ ಅಥವಾ ಸುತ್ತಿ ಹೋಗಿ. ಹಳ್ಳ ದಾಟುವ ವಿಡಿಯೊ ಮತ್ತೆ ಬಂದರೆ ಅದರ ಬದಲು ಈ ಬರಹವನ್ನು ಹಂಚಿಕೊಳ್ಳಿ ಎಂಬುದು ನಮ್ಮ ಮನವಿ. ದಾಟಿದ ಗಾಡಿಯ ವಿಡಿಯೊ ಎಲ್ಲರಿಗೂ ತಲುಪುತ್ತದೆ; ಕೊಚ್ಚಿಹೋದ ಗಾಡಿಯಲ್ಲಿ ವಿಡಿಯೊ ಕಳಿಸುವವರೇ ಉಳಿದಿರುವುದಿಲ್ಲ.